ತೆಮೆರ್ಲೋವನ್ನು ಕುಗ್ಗಿಸುವುದು ಹೇಗೆ?

ಮಲೇಷ್ಯಾದ ಹಳೆಯ ರೈಲುಮಾರ್ಗಗಳಲ್ಲಿ ಹಳಿಗಳ ನಡುವಣ ಅಂತರ ಒಂದು ಮೀಟರ್. ಬ್ರಾಡ್‌ಗೇಜ್ ಬರುವ ತನಕ ನಮ್ಮ ಬೆಂಗಳೂರು–ಮೈಸೂರು, ಶಿವಮೊಗ್ಗ–ತಾಳಗುಪ್ಪ ಮಾರ್ಗಗಳೂ ಇದೇ ಅಗಲದವು. 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನ ಲೇಮನ್ ಕಂಪನಿ 'ಎಲ್‌ಜಿಬಿ' ಎಂಬ ಹೆಸರಿನಲ್ಲಿ ದೊಡ್ಡ ಗಾತ್ರದ ಮಾದರಿ ರೈಲುಗಳನ್ನು ಮಾರುಕಟ್ಟೆಗೆ ಬಿಟ್ಟಾಗ 45 ಮಿಲಿಮೀಟರ್ ಅಗಲದ ಹಳಿಯನ್ನೂ 1:22.5ರ ಅಳತೆಯನ್ನೂ ಆರಿಸಿಕೊಂಡಿತು. ಅದರ ಕಣ್ಣಿದ್ದದ್ದು ಯುರೋಪಿನ ಬೆಟ್ಟದೂರುಗಳ ಮೀಟರ್‌ಗೇಜ್ ಗಾಡಿಗಳ ಮೇಲೆ. ಆದರೆ ಲೆಕ್ಕ ಎಲ್ಲರಿಗೂ ಒಂದೇ. ಒಂದು ಮೀಟರನ್ನು 22.5ರಿಂದ ಭಾಗಿಸಿದರೆ ಬರುವುದು 44.4 ಮಿ.ಮೀ.; ಹಳಿಗೂ ಇದಕ್ಕೂ ಅರ್ಧ ಮಿಲಿಮೀಟರಿನಷ್ಟೇ ವ್ಯತ್ಯಾಸ. ಹೀಗಾಗಿ ಅಂದಿನ ಮಲಯಾದ ಉಗಿ ಎಂಜಿನ್ನನ್ನು ಮನೆಯ ಹಿತ್ತಲಿನಲ್ಲಿ ಓಡಿಸಬೇಕೆನ್ನುವವರಿಗೆ ಹಳಿಯ ಅಂಗಡಿ ತೆರೆದೇ ಇದೆ, ಅಳತೆಯೂ ಕೈಗೆ ಸಿಕ್ಕಿದೆ. ಇನ್ನೇನು, ಎಲ್ಲವನ್ನೂ 22.5ರಿಂದ ಭಾಗಿಸುತ್ತಾ ಹೋದರೆ ಆಯಿತಲ್ಲ ಎನಿಸುತ್ತದೆ. ಆಗುವುದಿಲ್ಲ. ಹಾಗೆ ಭಾಗಿಸುತ್ತಾ ಹೋದವರ ಎಂಜಿನ್ ಒಂದೋ ಚಲಿಸುವುದಿಲ್ಲ, ಇಲ್ಲವೇ ಚಲಿಸಿದ ಕೂಡಲೇ ಆಟಿಕೆಯಂತೆ ಕಾಣತೊಡಗುತ್ತದೆ. ದೊಡ್ಡ ಮಾದರಿಯ ನೈಜತೆಯೆಂದರೆ ಎಲ್ಲಿ ಅಳತೆಯನ್ನು ಬಿಟ್ಟುಕೊಡಬೇಕು, ಎಲ್ಲಿ ಕೂದಲೆಳೆಯಷ್ಟೂ ಬಿಡಬಾರದು ಎಂಬ ತೀರ್ಮಾನಗಳ ಮೊತ್ತ. ಆ ತೀರ್ಮಾನ ಎಂಜಿನ್ನಿನಿಂದ ಎಂಜಿನ್ನಿಗೆ ಬದಲಾಗುತ್ತದೆ. ಅಸಲು ಎಂಜಿನ್ ಇವತ್ತು ಉಳಿದಿದೆಯೇ ಇಲ್ಲವೇ ಎಂಬುದರ ಮೇಲೂ ಬದಲಾಗುತ್ತದೆ ಎಂಬುದು ನನ್ನ ವಾದ. ಮಲೇಷ್ಯಾದ ಉದಾಹರಣೆಯಲ್ಲಿ ಇದು ಬೇರೆಲ್ಲೂ ಕಾಣದಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಮೊದಲಿಗೆ, ದೊಡ್ಡದು ಎಂದರೆ ಎಷ್ಟು ದೊಡ್ಡದು? ಮೇಜಿನ ಮೇಲೆ ಓಡುವ ಸಾಮಾನ್ಯ ಮಾದರಿಯ ಅಳತೆ 1:87. ಅದು ಅಂಗೈಯಲ್ಲಿ ಕೂರುತ್ತದೆ. 45 ಮಿ.ಮೀ. ಹಳಿಯ ಎಂಜಿನ್ನನ್ನು ಎರಡೂ ಕೈಯಿಂದ ಎತ್ತಬೇಕು, ಅದರ ಜಾಗ ತೋಟ. ಅದಕ್ಕೂ ಮೇಲೆ ಐದು ಇಂಚು, ಏಳೂಕಾಲು ಇಂಚು ಅಗಲದ ಹಳಿಗಳಿವೆ; ಅವುಗಳ ಮೇಲೆ ಓಡುವ ಎಂಜಿನ್ ತನ್ನ ಹಿಂದೆ ಮನುಷ್ಯರನ್ನು ಕೂರಿಸಿಕೊಂಡು ಎಳೆಯುತ್ತದೆ. ಗಾತ್ರ ಹೆಚ್ಚಿದಂತೆ ನೈಜತೆಯೂ ತಾನಾಗಿ ಹೆಚ್ಚುತ್ತದೆ ಎಂಬ ನಂಬಿಕೆ ಸಾಮಾನ್ಯ. ವಾಸ್ತವ ಬೇರೆ. ಅಸಲು ಎಂಜಿನ್ನಿನಲ್ಲಿ 35 ಮಿ.ಮೀ. ಅಗಲದ ತಲೆಯಿರುವ ಒಂದು ರಿವೆಟ್ ಮೇಜಿನ ಮಾದರಿಯಲ್ಲಿ 0.4 ಮಿ.ಮೀ. ಆಗುತ್ತದೆ. ಅದು ಇದ್ದರೂ ಕಾಣದು, ಬಿಟ್ಟರೂ ಯಾರೂ ಕೇಳರು. ತೋಟದ ಮಾದರಿಯಲ್ಲಿ ಅದು ಒಂದೂವರೆ ಮಿಲಿಮೀಟರ್. ಸಾಲು ತಪ್ಪಿದರೆ ಮಾರು ದೂರದಿಂದಲೇ ಕಣ್ಣಿಗೆ ಚುಚ್ಚುತ್ತದೆ. ಏಳೂಕಾಲು ಇಂಚಿನದ್ದರಲ್ಲಿ ಆರು ಮಿಲಿಮೀಟರ್ ದಾಟುತ್ತದೆ, ಅಲ್ಲಿ ಅಚ್ಚೊತ್ತಿದ ಗುಬುಟು ನಡೆಯುವುದಿಲ್ಲ, ನಿಜವಾದ ರಿವೆಟ್ಟನ್ನೇ ಹೊಡೆಯಬೇಕು. ಚಾಲಕನ ಕೋಣೆಯ ತಗಡಿನ ಅಂಚನ್ನು ನೋಡಿ. ಅಸಲಿನಲ್ಲಿ ಆರು ಮಿ.ಮೀ. ದಪ್ಪದ ಉಕ್ಕಿನ ಹಾಳೆಯೆಂದು ಇಟ್ಟುಕೊಂಡರೆ 1:22.5ರಲ್ಲಿ ಅದು ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು. ಪ್ಲಾಸ್ಟಿಕ್ ಅಚ್ಚಿನಲ್ಲಿ ಅಷ್ಟು ತೆಳ್ಳಗೆ ಎರಕ ಹೊಯ್ದರೆ ಮಗುವಿನ ಕೈ ತಾಕಿದರೆ ಮುರಿಯುತ್ತದೆ. ಹಾಗಾಗಿ ಕಾರ್ಖಾನೆಯವರು ಎರಡು ಮಿ.ಮೀ. ಇಡುತ್ತಾರೆ, ಕೋಣೆಯ ಕಿಟಕಿ ಕೋಟೆಯ ಗೋಡೆಯಲ್ಲಿ ಕೊರೆದಂತೆ ಕಾಣುತ್ತದೆ. ಹಿತ್ತಾಳೆ ತಗಡಿನಲ್ಲಿ ಕೈಯಾರೆ ಮಾಡಿದ ಮಾದರಿಗೂ ಪ್ಲಾಸ್ಟಿಕ್ ಮಾದರಿಗೂ ಇರುವ ವ್ಯತ್ಯಾಸವನ್ನು ಹಲವರು ಬಣ್ಣದಲ್ಲೋ ಹೊಳಪಿನಲ್ಲೋ ಹುಡುಕುತ್ತಾರೆ. ನೋಡಬೇಕಾದ್ದು ಈ ಅಂಚುಗಳನ್ನು.

ಇನ್ನೊಂದು ತೊಡಕು ಹಳಿಯದೇ. 45 ಮಿ.ಮೀ. ಹಳಿಯ ಮೇಲೆ ಎಲ್ಲ ಬಗೆಯ ಎಂಜಿನ್‌ಗಳೂ ಓಡುತ್ತವೆ, ಆದರೆ ಅವೆಲ್ಲ ಒಂದೇ ಅಳತೆಯವಲ್ಲ. ಬ್ರಿಟನ್ನಿನ ಸ್ಟ್ಯಾಂಡರ್ಡ್ ಗೇಜ್ ಹಳಿಯ ಎಂಜಿನ್ ಇದರ ಮೇಲೆ ನಿಲ್ಲಬೇಕಾದರೆ 1:32ಕ್ಕೆ ಕುಗ್ಗಬೇಕು. ಅಮೆರಿಕದ ಮೂರಡಿ ಹಳಿಯ ಗಣಿಗಾಡಿಗಳಾದರೆ 1:20.3. ನಡುವೆ ಕೆಲವು ಕಂಪನಿಗಳು 1:29 ಎಂಬ, ಯಾವ ಲೆಕ್ಕಕ್ಕೂ ಕೂರದ ಅಳತೆಯಲ್ಲಿ ಸ್ಟ್ಯಾಂಡರ್ಡ್ ಗೇಜ್ ಹಳಿಯ ಎಂಜಿನ್‌ಗಳನ್ನು ಮಾಡಿ ಮಾರಿದವು. ಆ ಅಳತೆಗೆ ಹಳಿ ಸುಮಾರು 49.5 ಮಿ.ಮೀ. ಇರಬೇಕಿತ್ತು, ಎಂದರೆ ಎಂಜಿನ್ನಿನ ಮೈ ದಪ್ಪ, ಕಾಲು ಕಿರಿದು. ಅಂಗಡಿಯಲ್ಲಿ ಎಲ್ಲವನ್ನೂ ಒಂದೇ ಕಪಾಟಿನಲ್ಲಿ ಜೋಡಿಸಿಟ್ಟಿರುತ್ತಾರೆ. ಮೂರು ಅಳತೆಯ ಗಾಡಿಗಳನ್ನು ಒಂದೇ ಕೊಂಡಿಗೆ ಸಿಕ್ಕಿಸಿ ಓಡಿಸಿದಾಗ ಒಂದು ಬಾಗಿಲಲ್ಲಿ ಆಳು ತಲೆ ಬಗ್ಗಿಸಬೇಕು, ಮುಂದಿನದರಲ್ಲಿ ಆನೆಯೂ ಹೋಗಬಹುದು. ಮೀಟರ್‌ಗೇಜಿನವರ ಪುಣ್ಯವೆಂದರೆ ಈ ಗೊಂದಲದಿಂದ ಅವರು ಪಾರಾಗಿದ್ದಾರೆ.

ಆದರೂ ಅವರಿಗೆ ಭೌತಶಾಸ್ತ್ರದಿಂದ ಬಿಡುಗಡೆ ಇಲ್ಲ. ಉದ್ದವನ್ನು 22.5 ಪಟ್ಟು ಕುಗ್ಗಿಸಿದರೆ ಮೇಲ್ಮೈ ಸುಮಾರು 506 ಪಟ್ಟು ಕುಗ್ಗುತ್ತದೆ, ಗಾತ್ರ ಮತ್ತು ತೂಕ 11,390 ಪಟ್ಟು. ಅರವತ್ತು ಟನ್ನಿನ ಎಂಜಿನ್ ತೋಟದ ಹಳಿಯಲ್ಲಿ ಐದೂಕಾಲು ಕಿಲೋ ತೂಗಬೇಕು. ಏಳೂಕಾಲು ಇಂಚಿನ ಹಳಿಯಲ್ಲಾದರೆ ಸುಮಾರು 375 ಕಿಲೋ. ತೂಕ ಕಣ್ಣಿಗೆ ಕಾಣುವುದಿಲ್ಲ ಎನ್ನಬೇಡಿ. ಹೊರಡುವಾಗಿನ ತಡವರಿಕೆ, ಹಳಿಯ ಸಂದಿನ ಮೇಲೆ ಹಾಯುವಾಗಿನ ಗಂಭೀರ ತೂಗಾಟ, ಆವಿ ನಿಲ್ಲಿಸಿದ ಮೇಲೂ ಮುಂದಕ್ಕೆ ಜಾರುವ ಓಟ, ಇವೆಲ್ಲ ತೂಕ ಕಣ್ಣಿಗೆ ಕಾಣುವ ರೀತಿಗಳು. 1894ರ ಸೆಪ್ಟೆಂಬರ್ 17ರಂದು ಮಲಯಾದ ತೆಲುಕ್ ಆನ್ಸನ್ ಬಳಿ ಕಾಡಾನೆಯೊಂದು ತನ್ನ ಹಿಂಡನ್ನು ಕಾಯಲು ರೈಲಿಗೆ ಎದುರು ನುಗ್ಗಿ ಅದನ್ನು ಹಳಿ ತಪ್ಪಿಸಿ ತಾನೂ ಸತ್ತಿತು. ಅದನ್ನು ಅಲ್ಲೇ ಹೂತು ಫಲಕ ನೆಟ್ಟರು. ಆ ಘಟನೆಯನ್ನು ಮಾದರಿಯಲ್ಲಿ ತೋರಿಸಹೋದರೆ ಅದು ಗೊಂಬೆಗಳ ಡಿಕ್ಕಿಯಾಗುತ್ತದೆಯೇ ಹೊರತು ಯಾರ ಎದೆಯನ್ನೂ ನಡುಗಿಸುವುದಿಲ್ಲ, ಏಕೆಂದರೆ ಗುರುತ್ವಾಕರ್ಷಣೆಯನ್ನು ನಾವು ಕುಗ್ಗಿಸಿಲ್ಲ. ಬೀಳುವುದು, ತೂಗುವುದು, ಪುಟಿಯುವುದು ಎಲ್ಲವೂ ಅಳತೆಯ ವರ್ಗಮೂಲದಷ್ಟು ಬೇಗ ನಡೆದುಬಿಡುತ್ತವೆ. 1:22.5ರಲ್ಲಿ ಅದು ನಾಲ್ಕೂಮುಕ್ಕಾಲು ಪಟ್ಟು. ಸಿನಿಮಾದವರಿಗೆ ಇದು ಬಹಳ ಹಿಂದೆಯೇ ಗೊತ್ತು. ಚಿಕ್ಕ ಮಾದರಿಯನ್ನು ಹೆಚ್ಚು ವೇಗದ ಕ್ಯಾಮೆರಾದಲ್ಲಿ ತೆಗೆದು ನಿಧಾನವಾಗಿ ತೋರಿಸುವುದು ಇದೇ ಕಾರಣಕ್ಕೆ. ಸಯಾಮ್–ಬರ್ಮಾ ರೈಲುಮಾರ್ಗದ ಕಥೆಯಿಟ್ಟುಕೊಂಡು 1957ರಲ್ಲಿ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಚಿತ್ರ ಮಾಡಿದ ಡೇವಿಡ್ ಲೀನ್ ಆ ತಂತ್ರದ ಗೋಜಿಗೂ ಹೋಗದೆ ಶ್ರೀಲಂಕಾದಲ್ಲಿ ನಿಜವಾದ ಸೇತುವೆ ಕಟ್ಟಿಸಿ ನಿಜವಾದ ರೈಲನ್ನೇ ಬೀಳಿಸಿದರು. ಹಿತ್ತಲಲ್ಲಿ ನಿಂತು ನೋಡುವವರ ಕಣ್ಣಿಗೆ ಅಂಥ ಕ್ಯಾಮೆರಾ ಇಲ್ಲ.

ಉಗಿಯ ವಿಷಯ ಇನ್ನೂ ಕಠಿಣ. ಹಂಡೆಯ ನೀರು ಬೆಚ್ಚಗೇ ಇರುವಾಗ ಲೋಟದ ಕಾಫಿ ಆರಿ ತಣ್ಣಗಾಗಿರುತ್ತದಲ್ಲ, ಚಿಕ್ಕ ಬಾಯ್ಲರಿನ ಕಷ್ಟವೂ ಅದೇ. ಒಳಗಿನ ನೀರಿಗೆ ಹೋಲಿಸಿದರೆ ಅದರ ಮೈ ವಿಸ್ತಾರ, ಕಾಸಿದ ಶಾಖವೆಲ್ಲ ಹೊರಗೆ ಸೋರುತ್ತದೆ. ಸಿಲಿಂಡರಿಗೆ ಹೊಕ್ಕ ಉಗಿ ತಣ್ಣನೆಯ ಗೋಡೆ ತಾಕಿ ನೀರಾಗಿ ಇಳಿಯುತ್ತದೆ. ಇದಕ್ಕೆ ಪರಿಹಾರವಿದೆಯೇ ಎಂಬ ಪ್ರಶ್ನೆಗೆ ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ಜಗಳವೇ ನಡೆಯಿತು. ಸಣ್ಣ ಎಂಜಿನ್ನಿಗೆ ಅಸಲಿನ ಮಾದರಿಯ, ಕಲ್ಲಿದ್ದಲು ಉರಿಸುವ ಬಾಯ್ಲರ್ ಆಗಿಬರುವುದಿಲ್ಲ ಎಂಬುದು ಹೆಸರಾಂತ ವಿನ್ಯಾಸಕಾರ ಹೆನ್ರಿ ಗ್ರೀನ್ಲಿಯ ಪಕ್ಷ. 'ಎಲ್‌ಬಿಎಸ್‌ಸಿ' ಎಂಬ ಅಂಕಿತದಲ್ಲಿ 'ಮಾಡೆಲ್ ಎಂಜಿನಿಯರ್' ಪತ್ರಿಕೆಗೆ ಬರೆಯುತ್ತಿದ್ದ ಲಾರೆನ್ಸ್ ಇದನ್ನು ಒಪ್ಪಲಿಲ್ಲ. ಎರಡೂವರೆ ಇಂಚಿನ ಹಳಿಯ 'ಆಯೆಷಾ' ಎಂಬ ಎಂಜಿನ್ ಕಟ್ಟಿ, ಅದು ಕಲ್ಲಿದ್ದಲಿನಲ್ಲೇ ಉರಿದು ಬೆಳೆದ ಆಳನ್ನು ಎಳೆಯುವುದನ್ನು ತೋರಿಸಿದ. 1924ರ ಆ ಪ್ರಸಂಗ 'ಬಾಯ್ಲರ್ ಕದನ' ಎಂದೇ ಹೆಸರಾಯಿತು. ಅಳತೆಯ ಲೆಕ್ಕದಲ್ಲಿ ಆಯೆಷಾ ಕೂಡ 1:22.6ರ ಆಸುಪಾಸಿನದು, ಎಂದರೆ ನಮ್ಮ ಮೀಟರ್‌ಗೇಜ್ ಮಾದರಿಯ ಅಕ್ಕನೇ. ಎಲ್‌ಬಿಎಸ್‌ಸಿ ಗೆದ್ದದ್ದು ಅಸಲನ್ನು ಚಾಚೂತಪ್ಪದೆ ನಕಲು ಮಾಡಿ ಅಲ್ಲವೆಂಬುದು ಇಲ್ಲಿ ಮುಖ್ಯ. ಹೊರರೂಪ, ಬೆಂಕಿಗೂಡು, ಕೊಳವೆಗಳ ಕ್ರಮ ಎಲ್ಲ ಅಸಲಿನವು. ಆದರೆ ಕೊಳವೆಗಳ ಸಂಖ್ಯೆ ಕಡಿಮೆ, ಒಂದೊಂದರ ಬಾಯಿ ಅಳತೆಗಿಂತ ಅಗಲ. ನೂರಾರು ಕೊಳವೆಗಳನ್ನು ಅಳತೆಗೆ ತಕ್ಕಂತೆ ಸಣ್ಣಗೆ ಮಾಡಿ ತುಂಬಿದ್ದರೆ ಬೂದಿ ಕಟ್ಟಿಕೊಂಡು ಅರ್ಧ ಗಂಟೆಯಲ್ಲಿ ಬೆಂಕಿ ಸಾಯುತ್ತಿತ್ತು. ಪ್ರಕೃತಿಯನ್ನು ಕುಗ್ಗಿಸಲಾಗದು ಎಂಬುದು ಈ ಕಸುಬಿನವರಲ್ಲಿ ಅಂದಿನಿಂದಲೂ ಓಡಾಡುವ ಮಾತು. ಯಾರಿಗೂ ಕಾಣದ ಬಾಯ್ಲರಿನ ಹೊಟ್ಟೆಯೊಳಗೆ ಅಳತೆ ಬಿಟ್ಟು, ಕಾಣುವ ಕಡೆಯೆಲ್ಲ ಅದನ್ನು ಉಳಿಸಿಕೊಂಡ ಆ ಜಾಣತನವನ್ನು ನಾನು ಗುಣಮಟ್ಟ ಎನ್ನುತ್ತೇನೆ.

ಈ ಹಿನ್ನೆಲೆಯಲ್ಲಿ ಮಲಯಾದ ಎಂಜಿನ್ನೊಂದನ್ನು ಹತ್ತಿರದಿಂದ ನೋಡೋಣ. ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಕಂಪನಿ 1938ರಿಂದ ಮೊದಲುಗೊಂಡು, ಯುದ್ಧದ ನಡುವೆ ನಿಂತು, ಮತ್ತೆ 1945–46ರಲ್ಲಿ ಕಟ್ಟಿಕೊಟ್ಟ ಅರವತ್ತಕ್ಕೂ ಹೆಚ್ಚು ಎಂಜಿನ್‌ಗಳ ವರ್ಗವಿದು. ಮೊದಲು 'ಓ' ವರ್ಗವೆಂದೂ ಆಮೇಲೆ 56ನೇ ವರ್ಗವೆಂದೂ ಕರೆದರು. ಮುಂದೆ ನಾಲ್ಕು ಚಿಕ್ಕ ಗಾಲಿ, ನಡುವೆ ಆರು ಎಳೆಯುವ ಗಾಲಿ, ಹಿಂದೆ ಎರಡು. ರೈಲಿನವರ ಮಾತಿನಲ್ಲಿ 'ಪೆಸಿಫಿಕ್'. ಒಂದೊಂದು ಎಂಜಿನ್ನಿಗೂ ಮಲಯಾದ ಊರೊಂದರ ಹೆಸರು. ಇಂದಿಗೂ ಉಳಿದಿರುವ 564.36ರ ಹೆಸರು 'ತೆಮೆರ್ಲೋ'. ಅದರ ಎಳೆಯುವ ಗಾಲಿಯ ವ್ಯಾಸ ನಾಲ್ಕೂವರೆ ಅಡಿ, ಅಂದರೆ 1,372 ಮಿ.ಮೀ.; ಮಾದರಿಯಲ್ಲಿ ಸರಿಯಾಗಿ 61. ನಮ್ಮ ಮೀಟರ್‌ಗೇಜಿನ ಪ್ರಯಾಣಿಕ ರೈಲುಗಳನ್ನು ಎಳೆದ ವೈಪಿ ಎಂಜಿನ್ನಿನದೂ ಅದೇ ವ್ಯಾಸ, ಅದೇ ಗಾಲಿಗಳ ಜೋಡಣೆ. 1949ರಿಂದ 1970ರವರೆಗೆ ಅಂಥ 871 ಎಂಜಿನ್‌ಗಳು ತಯಾರಾದವು, ಕೊನೆಯವು ಟೆಲ್ಕೋ ಕಾರ್ಖಾನೆಯವು. ಒಂದು ಆಸೆ ಮೂಡುವುದು ಇಲ್ಲೇ: ವೈಪಿಗೆಂದು ಮಾಡಿದ ಚಾಸಿಯ ಮೇಲೆ ಮಲಯಾದ ಮೈ ಹೊದಿಸಿ, ತೆಮೆರ್ಲೋ ಎಂದು ಫಲಕ ಅಂಟಿಸಿಬಿಟ್ಟರೆ? ಗಾಲಿಯ ಲೆಕ್ಕ ಸರಿ, ಅಳತೆ ಸರಿ, ಹಳಿ ಸರಿ. ಆದರೂ ಮಾದರಿ ತಪ್ಪು, ಅದೂ ಎದ್ದು ಕಾಣುವ ತಪ್ಪು.

ವೈಪಿಗೆ ಎರಡು ಸಿಲಿಂಡರ್. ಗಾಲಿಗಳ ಪಕ್ಕದಲ್ಲಿ ಒಂದರ ಮೇಲೊಂದು ತೂಗುತ್ತಾ ಹಿಂದೆ ಮುಂದೆ ಆಡುವ ಸರಳುಗಳು ಕವಾಟಗಳನ್ನು ತೆರೆದು ಮುಚ್ಚುತ್ತವೆ. ವಾಲ್‌ಶಾರ್ಟ್ ಗೇರ್ ಎಂದು ಕರೆಯುವ ಈ ಸರಳುಗಳ ಕುಣಿತವೇ ಉಗಿಬಂಡಿಯ ಬಗ್ಗೆ ಎಲ್ಲರ ಮನಸ್ಸಿನಲ್ಲಿರುವ ಚಿತ್ರ. ಮಲಯಾದ 56ನೇ ವರ್ಗಕ್ಕೆ ಸಿಲಿಂಡರ್ ಮೂರು. ಎರಡು ಹೊರಗೆ, ಒಂದು ಚೌಕಟ್ಟಿನ ನಡುವೆ ಅವಿತು. ಕವಾಟಗಳನ್ನು ಆಡಿಸುವುದು ತಿರುಗುವ ಕ್ಯಾಮ್. ಮೋಟಾರು ಗಾಡಿಯ ಎಂಜಿನ್ನಿನಲ್ಲಿ ಇರುವಂಥ, ಎದ್ದು ಕೂರುವ ಕವಾಟಗಳವು. ಹೀಗಾಗಿ ಹೊರಗೆ ವಾಲ್‌ಶಾರ್ಟಿನ ಸರಳುಗಳ ಜಾಲ ಇಲ್ಲವೇ ಇಲ್ಲ. ಪಕ್ಕದಿಂದ ನೋಡಿದರೆ ಗಾಲಿಗಳ ಮಟ್ಟ ಬೋಳಾಗಿ, ಬಿಡುವಾಗಿ ಕಾಣುತ್ತದೆ. ಪರಿಚಯವಿಲ್ಲದವರಿಗೆ ಏನೋ ಕಮ್ಮಿಯಾಗಿದೆ ಎನಿಸುವಷ್ಟು ಬೋಳು. ಹೆಚ್ಚು ಬಿಡಿಭಾಗಗಳಿದ್ದಷ್ಟೂ ಮಾದರಿ ನೈಜ ಎಂದು ನಂಬಿದವರು ಇಲ್ಲಿ ಸೋಲುತ್ತಾರೆ. ವಾಲ್‌ಶಾರ್ಟ್ ಗೇರಿನ ಸೊಗಸಾದ ಸರಳುಗಳನ್ನು ಎಷ್ಟೇ ನಾಜೂಕಾಗಿ ಮಾಡಿ ಕೂರಿಸಿದರೂ ಒಂದೊಂದು ಸರಳೂ ಒಂದೊಂದು ಸುಳ್ಳು.

ಕಿವಿಗೂ ಅದೇ ಮಾತು. ಎರಡು ಸಿಲಿಂಡರಿನ ಎಂಜಿನ್ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಬಾರಿ ಉಸಿರು ಬಿಡುತ್ತದೆ. ಮೂರು ಸಿಲಿಂಡರಿನದು ಆರು ಬಾರಿ. ತೆಮೆರ್ಲೋವಿನ ಗಾಲಿಯ ಸುತ್ತಳತೆ ಸುಮಾರು 4.3 ಮೀಟರ್. ನಿಲ್ದಾಣ ಬಿಟ್ಟು ಗಂಟೆಗೆ 15 ಕಿ.ಮೀ. ವೇಗ ಮುಟ್ಟುವ ಹೊತ್ತಿಗೆ ಗಾಲಿ ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ಸುತ್ತು. ವೈಪಿಯಲ್ಲಿ ನಾಲ್ಕು ಬಡಿತ ಕೇಳುವ ಜಾಗದಲ್ಲಿ ಇಲ್ಲಿ ಆರು ಸಣ್ಣ, ಮೆದುವಾದ, ಒತ್ತೊತ್ತಾದ ಬಡಿತ. ಅರವತ್ತು ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಇಪ್ಪತ್ತಮೂರು ಆಗಿ, ಬಡಿತಗಳು ಕೂಡಿಕೊಂಡು ಬರಿಯ ಮೊರೆತವಾಗುತ್ತದೆ. ಈಗಿನ ವಿದ್ಯುತ್ ಮಾದರಿಗಳಲ್ಲಿ ಸೌಂಡ್ ಕಾರ್ಡ್ ಇರುತ್ತದೆ. ಅದರೊಳಗಿನ ಧ್ವನಿ ಬಹುಪಾಲು ಯಾವುದೋ ಯುರೋಪಿನ ಅಥವಾ ಅಮೆರಿಕದ ಎರಡು ಸಿಲಿಂಡರಿನ ಎಂಜಿನ್ನಿನದು. ಆರು ಬಡಿತಕ್ಕೆ ಹೊಂದಿಸಿಕೊಳ್ಳುವ ಸವಲತ್ತು ಹಲವು ಕಾರ್ಡುಗಳಲ್ಲಿ ಇದ್ದರೂ ಅದನ್ನು ಬಳಸಬೇಕೆಂದು ತಿಳಿಯಲು ಮೂರನೆಯ ಸಿಲಿಂಡರ್ ಇದೆಯೆಂದು ಮೊದಲು ತಿಳಿದಿರಬೇಕು. ಓಟದ ವೇಗದಲ್ಲೂ ಇಂಥದೇ ತಪ್ಪು. ಅರವತ್ತು ಕಿ.ಮೀ. ವೇಗವನ್ನು ಕುಗ್ಗಿಸಿದರೆ ಸೆಕೆಂಡಿಗೆ ಮುಕ್ಕಾಲು ಮೀಟರ್. ಹತ್ತು ಮೀಟರಿನ ತೋಟ ದಾಟಲು ಹದಿಮೂರು ಹದಿನಾಲ್ಕು ಸೆಕೆಂಡು ಬೇಕು. ಮಾದರಿಗಳನ್ನು ಐದು ಸೆಕೆಂಡಿನಲ್ಲಿ ಓಡಿಸಿಬಿಡುತ್ತಾರೆ. ಅದು ಗಂಟೆಗೆ 160 ಕಿ.ಮೀ.ಗೆ ಸಮ, ಮಲಯಾದ ಯಾವ ಉಗಿ ಎಂಜಿನ್ನೂ ಕನಸಿನಲ್ಲೂ ಕಾಣದ ವೇಗ.

ಎಂಜಿನ್ನಿನ ಹಿಂದಿನ ಇಂಧನದ ಗಾಡಿಯಾದ ಟೆಂಡರಿನೊಳಗೆ ಏನಿದೆ ಎಂಬ ಪ್ರಶ್ನೆ ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು. ಯುದ್ಧಕ್ಕೆ ಮುಂಚೆ ಮಲಯಾದ ರೈಲುಗಳು ಉರಿಸುತ್ತಿದ್ದದ್ದು ಸೆಲಂಗೋರಿನ ಬಾತು ಆರಂಗ್ ಗಣಿಯ ಕಲ್ಲಿದ್ದಲನ್ನು. 1915ರಲ್ಲಿ ಶುರುವಾಗಿ 1960ರಲ್ಲಿ ಮುಚ್ಚಿದ ಆ ಗಣಿಗೆ ರೈಲ್ವೆಯೇ ದೊಡ್ಡ ಗಿರಾಕಿ. ಯುದ್ಧದ ನಂತರ ಎಂಜಿನ್‌ಗಳು ಒಂದೊಂದಾಗಿ ಎಣ್ಣೆಗೆ ತಿರುಗಿದವು. ಅಲ್ಲಿಗೆ ಟೆಂಡರಿನ ಮೇಲಿನ ಕಲ್ಲಿದ್ದಲ ರಾಶಿ ಹೋಗಿ ಎಣ್ಣೆಯ ಟ್ಯಾಂಕ್ ಬಂತು, ಚಾಲಕನ ಜೊತೆಗಾರನ ಕೈಯಲ್ಲಿ ಸಲಿಕೆಯ ಬದಲು ಕವಾಟದ ಹಿಡಿ ಬಂತು. ದಕ್ಷಿಣ ಚೀನಾ ಸಮುದ್ರದಾಚೆ ಸಾಬಾದಲ್ಲಿ ಕಥೆಯೇ ಬೇರೆ. ಅಲ್ಲಿನ ನಾರ್ತ್ ಬೋರ್ನಿಯೊ ರೈಲ್ವೆಯಲ್ಲಿ ಇಂಗ್ಲೆಂಡಿನ ವಲ್ಕನ್ ಫೌಂಡ್ರಿ 1950ರ ದಶಕದಲ್ಲಿ ಕಟ್ಟಿದ ಎಂಜಿನ್ ಸೌದೆ ಉರಿಸಿಕೊಂಡು ಓಡುತ್ತದೆ. ಪ್ರವಾಸಿಗರಿಗಾಗಿ ಆ ಗಾಡಿಯನ್ನು ಮತ್ತೆ ಓಡಿಸಲು ಶುರು ಮಾಡಿದ್ದು 2000ದಲ್ಲಿ. ಒಂದೇ ದೇಶ, ಒಂದೇ ಅಗಲದ ಹಳಿ, ಮೂರು ಇಂಧನ. ಮಾದರಿಕಾರನೊಬ್ಬ 564.36 ಎಂಬ ಸಂಖ್ಯೆ ಬರೆದು, ಎಣ್ಣೆ ಉರಿಸುತ್ತಿದ್ದ ಕಾಲದ ಗುರುತುಗಳನ್ನೆಲ್ಲ ಕೂರಿಸಿ, ಟೆಂಡರಿಗೆ ಮಾತ್ರ ಚೆಂದ ಕಾಣಲೆಂದು ಕಲ್ಲಿದ್ದಲ ಪುಡಿ ಅಂಟಿಸಿದರೆ ಆ ಎಂಜಿನ್ ಯಾವ ವರ್ಷದ್ದೂ ಅಲ್ಲ. ಕ್ಯಾಟಲಾಗಿನಲ್ಲಿ 'ಮಲಯನ್ ಪೆಸಿಫಿಕ್' ಎಂದು ಬರೆಯಬಹುದು, ಆದರೆ ಅಂಥದ್ದೊಂದು ಎಂದೂ ಹಳಿ ಮೇಲಿರಲಿಲ್ಲ. ಎಂಜಿನ್ ಹುಟ್ಟಿದಂದಿನಿಂದ ಗುಜರಿಗೆ ಹೋಗುವ ತನಕ ಬದಲಾಗುತ್ತಲೇ ಇರುತ್ತದೆ. ಮಾದರಿ ಮಾಡುವವರು ಅದರಲ್ಲೊಂದು ದಿನವನ್ನು ಆರಿಸಿಕೊಳ್ಳಲೇಬೇಕು.

ಹೊಗೆ, ಆವಿಗಳಿಗೂ ದಿನದ ಜೊತೆ ಹೊತ್ತೂ ಬೇಕು. ಮಾದರಿಯ ಚಿಮಣಿಯಲ್ಲಿ ಎಣ್ಣೆ ಕಾಯಿಸಿ ಬೆಳ್ಳನೆಯ ಮೋಡ ಎಬ್ಬಿಸುವ ಉಪಕರಣ ಈಗ ಸಾಮಾನ್ಯ. ಆ ಮೋಡ ಯುರೋಪಿನ ಚಳಿಗಾಲದ ಬೆಳಗಿನದು. ಆವಿ ಕಣ್ಣಿಗೆ ಕಾಣಬೇಕಾದರೆ ತಣ್ಣನೆಯ ಗಾಳಿ ಸೇರಿ ಹನಿಗಟ್ಟಬೇಕು. ಮಧ್ಯಾಹ್ನ ಮೂವತ್ತೆರಡು ಡಿಗ್ರಿ ಏರುವ ಕೌಲಾಲಂಪುರದಲ್ಲಿ ಚಿಮಣಿಯ ಮೇಲೆ ಕಾಣುವುದು ನಡುಗುವ ಬಿಸಿಗಾಳಿ, ಎಣ್ಣೆ ಸರಿಯಾಗಿ ಉರಿಯದಿದ್ದರೆ ಕಪ್ಪು ಹೊಗೆ, ಆವಿಯ ಒಂದು ತೆಳುಪೊರೆ. ಮಳೆ ನಿಂತ ಮುಂಜಾವದ ತೇವದ ಗಾಳಿಯಲ್ಲಾದರೆ ಬಿಳಿ ಗರಿ ಬೆಳೆಯುವುದುಂಟು. ಅಳತೆಯ ತೊಂದರೆ ಇಲ್ಲೂ ಬಿಟ್ಟಿಲ್ಲ. ಹೊಗೆಯ ಸುರುಳಿಗಳನ್ನು ಕುಗ್ಗಿಸಲಾಗದು, ಚಿಕ್ಕ ಚಿಮಣಿಯಿಂದ ಬಂದ ಹೊಗೆ ಎಷ್ಟೇ ಆದರೂ ಊದುಬತ್ತಿಯ ಹೊಗೆಯೇ. ಹೊಗೆಯೆಬ್ಬಿಸುವ ಉಪಕರಣವನ್ನು ಬಂದ್ ಮಾಡಿಟ್ಟ ಮಲಯಾದ ಮಾದರಿ ಉರಿಸಿದ ಮಾದರಿಗಿಂತ ನೈಜ ಎಂದರೆ ಮಾರುವವರಿಗೆ ಬೇಸರವಾಗಬಹುದು.

ಇಷ್ಟು ಕಟ್ಟುನಿಟ್ಟಿಗೆ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ಓಡಿಸುವ ಸುಖವೇ ಸುಖ ಎನ್ನುವವರು ಒಂದು ಕಡೆ. ಅವರಿಗೆ ಬೆಂಕಿ ಹೊತ್ತಿಸಿ, ಒತ್ತಡದ ಮುಳ್ಳು ಏರುವುದನ್ನು ಕಾದು, ಉಗಿ ಬಿಟ್ಟು ಹೊರಡಿಸುವುದರಲ್ಲೇ ಸಾರ್ಥಕ್ಯ. ಟೆಂಡರಿನ ಮೇಲೆ ಏನಿದ್ದರೇನು? ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಜಪಾನಿನ ಆಸ್ಟರ್ ಕಂಪನಿ 1975ರಲ್ಲಿ ಬ್ರಿಟನ್ನಿನ 'ಸ್ಕೂಲ್ಸ್' ವರ್ಗದ ಎಂಜಿನ್ನನ್ನು 45 ಮಿ.ಮೀ. ಹಳಿಗೆ ನಿಜವಾದ ಉಗಿಯಲ್ಲೇ ಓಡುವಂತೆ ಮಾಡಿ ಮಾರಿದಾಗಿನಿಂದ, ರೂಪ ಮತ್ತು ಓಟ ಎರಡನ್ನೂ ಒಂದೇ ಎಂಜಿನ್ನಿನಲ್ಲಿ ನಿರೀಕ್ಷಿಸಬಹುದು ಎಂಬುದು ರುಜುವಾತಾಗಿದೆ. ಉಗಿಯ ಎಂಜಿನ್ ಏರು ಬಂದಾಗ ತಾನೇ ಏದುತ್ತದೆ, ಇಳಿಜಾರಿನಲ್ಲಿ ತಾನೇ ಹಗುರಾಗುತ್ತದೆ. ಮೋಟಾರು ಹಾಕಿ ಧ್ವನಿ ಸೇರಿಸಿದ ಎಂಜಿನ್ನಿಗೆ ಅದನ್ನು ಹೇಳಿಕೊಡಬೇಕು. ಆದರೆ ಮೂರು ಸಿಲಿಂಡರ್, ತಿರುಗುವ ಕ್ಯಾಮ್, ಎದ್ದು ಕೂರುವ ಕವಾಟಗಳನ್ನು ಬೆರಳಿನ ಗಾತ್ರದ ಸಿಲಿಂಡರಿನಲ್ಲಿ ಕೂರಿಸಿ ಸೋರದಂತೆ ಓಡಿಸುವುದು ಗಡಿಯಾರ ರಿಪೇರಿಯವರ ಕೈಗೂ ಕಷ್ಟ. ಮಾಡಬಲ್ಲದ್ದು ಎರಡು ಸಿಲಿಂಡರು, ಸಾದಾ ಕವಾಟ. ಹಾಗಾದರೆ ಒಳಗೆ ಸುಳ್ಳು, ಹೊರಗೆ ನಿಜ. ಮಾದರಿಕಾರರು ಆ ಸಾದಾ ಕವಾಟದ ಸರಳುಗಳನ್ನು ಚೌಕಟ್ಟಿನ ಒಳಗೆ ಅಡಗಿಸಿ ಹೊರಗಿನ ಬೋಳುತನ ಉಳಿಸಿಕೊಂಡರೆ ನನಗೆ ಒಪ್ಪಿಗೆ. ಆರರ ಬದಲು ನಾಲ್ಕು ಬಡಿತ ಕೇಳುವ ನಷ್ಟವನ್ನು ನಷ್ಟವೆಂದೇ ಒಪ್ಪಿಕೊಳ್ಳಬೇಕು.

ಇನ್ನೊಂದು ಕಡೆಯವರು ರಿವೆಟ್ ಎಣಿಸುವವರು. ಅವರ ಪ್ರಕಾರ ಬಿಟ್ಟುಕೊಡುವುದೆಂದರೆ ಸೋಲುವುದು. ಗಾಲಿಯ ಅಂಚಿನಿಂದ ಹಳಿಯ ಬಾಗಿನವರೆಗೆ ಎಲ್ಲವೂ ಅಳತೆಯಲ್ಲೇ ಇರಬೇಕು. ಹಾಗಾದರೆ ಬಾಗುಗಳಿಂದಲೇ ಆರಂಭಿಸಲಿ. ಭಾರತದ ಮೀಟರ್‌ಗೇಜಿನಲ್ಲಿ ಅನುಮತಿಯಿದ್ದ ಅತಿ ಬಿರುಸಿನ ಬಾಗಿನ ತ್ರಿಜ್ಯ 109 ಮೀಟರ್. ಕುಗ್ಗಿಸಿದರೆ ಐದು ಮೀಟರಿಗೆ ಸ್ವಲ್ಪ ಕಡಿಮೆ, ಎಂದರೆ ರೈಲು ಒಂದು ಸುತ್ತು ಬರಲು ತೋಟದ ಅಗಲ ಹತ್ತು ಮೀಟರ್ ಬೇಕು. ಪೆಟ್ಟಿಗೆಯಲ್ಲಿ ಸಿಗುವ ಎಲ್‌ಜಿಬಿ ಹಳಿಯ ಅತಿ ಸಣ್ಣ ಬಾಗು 60 ಸೆಂಟಿಮೀಟರ್. ಅಸಲಿಗೆ ಬೆಳೆಸಿದರೆ ಹದಿಮೂರೂವರೆ ಮೀಟರ್, ಲಾರಿ ತಿರುಗಿಸುವಷ್ಟು ಜಾಗ. ಆ ಬಾಗಿನಲ್ಲಿ ಪೆಸಿಫಿಕ್ ಎಂಜಿನ್ ತಿರುಗಬೇಕೆಂದರೆ ನಡುವಿನ ಗಾಲಿಯ ಅಂಚು ಕೀಳಬೇಕು, ಸಿಲಿಂಡರುಗಳನ್ನು ಹೊರಕ್ಕೆ ದೂಡಬೇಕು, ಟೆಂಡರಿನ ನಡುವೆ ಬೆರಳು ತೂರುವಷ್ಟು ಸಂದು ಬಿಡಬೇಕು. ಎಂಜಿನ್ನಿನ ಮುಖ ಕೆಡುವುದು ಹೀಗೆ. ಆದ್ದರಿಂದ ರಿವೆಟ್ ಎಣಿಸುವವರ ಹಟ ಅರ್ಧ ಸರಿ. ಬಾಗನ್ನು ದೊಡ್ಡದು ಮಾಡಲು ಜಾಗವಿದ್ದವರು ಮಾಡಲಿ, ಅದರಿಂದ ಎಂಜಿನ್ನಿನ ಹತ್ತು ಸುಳ್ಳುಗಳು ತಾವಾಗಿ ಕಳಚುತ್ತವೆ. ಆದರೆ ಗಾಲಿಯ ಅಂಚನ್ನು ಅಳತೆಗೆ ತಕ್ಕಂತೆ ಇಳಿಸಿ ತೋಟದ ಮಣ್ಣು, ಎಲೆ, ಕಲ್ಲುಗಳ ಮೇಲೆ ಓಡಿಸಿದರೆ ದಿನಕ್ಕೆ ಹತ್ತು ಸಲ ಹಳಿ ತಪ್ಪುತ್ತದೆ. ತೋಟದ ಕಲ್ಲು ಕುಗ್ಗಿಲ್ಲ.

ಈ ಎರಡು ಪಕ್ಷಗಳ ನಡುವೆ ನಾನು ಹಾಕುವ ಗೆರೆ ಅಸಲಿನ ಅಳಿವು ಉಳಿವನ್ನು ನೋಡಿ ಹಾಕುವಂಥದ್ದು. ಸಾಬಾದ ವಲ್ಕನ್ ಎಂಜಿನ್ ಇಂದಿಗೂ ಇದೆ, ಹೋಗಿ ಮುಟ್ಟಬಹುದು, ಅದರ ಕೂಗು ಕೇಳಬಹುದು. ಅದರ ಮಾದರಿಗೆ ದಾಖಲೆಯ ಹೊರೆ ಇಲ್ಲ. ಅದು ಉಗಿಯಲ್ಲಿ ಓಡಲಿ, ಸೌದೆಯ ಬದಲು ಬ್ಯೂಟೇನ್ ಗ್ಯಾಸ್ ಉರಿಯಲಿ, ರಿವೆಟ್ ಸಾಲು ಸ್ವಲ್ಪ ಹೆಚ್ಚುಕಮ್ಮಿ ಆಗಲಿ. ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಎಂಜಿನ್‌ಗಳದೂ ಇದೇ ಮಾತು, ಸಂಶಯ ಬಂದರೆ ಟೇಪು ಹಿಡಿದು ಹೋಗಿ ಅಳೆಯಬಹುದು. ಆದರೆ 56ನೇ ವರ್ಗದ ಅರವತ್ತಕ್ಕೂ ಹೆಚ್ಚು ಎಂಜಿನ್‌ಗಳಲ್ಲಿ ಬಹುಪಾಲು ಕಬ್ಬಿಣದ ಗುಜರಿಗೆ ಹೋದವು. ಯುದ್ಧ ಮುಗಿಸಿಕೊಂಡು ಬಂದ ಅಮೆರಿಕದ 'ಮೆಕಾರ್ಥರ್' ಎಂಜಿನ್‌ಗಳೂ ಹೋದವು. ನಮ್ಮಲ್ಲಿ ಎಂಎಡಬ್ಲ್ಯುಡಿ ಎಂದು ಕರೆಯುತ್ತಿದ್ದದ್ದು ಅವುಗಳ ಒಡಹುಟ್ಟಿದವನ್ನೇ. ಮಲಯಾದ ಮೊತ್ತಮೊದಲ ರೈಲು 1885ರ ಜೂನ್ 1ರಂದು ತೈಪಿಂಗ್‌ನಿಂದ ಪೋರ್ಟ್ ವೆಲ್ಡ್‌ಗೆ ಓಡಿದ ಹದಿಮೂರು ಕಿಲೋಮೀಟರ್ ದಾರಿಯಲ್ಲಿ ಈಗ ಹಳಿಯೇ ಇಲ್ಲ; ಕೊನೆಯ ನಿಲ್ದಾಣದ ಹೆಸರಿನ ಫಲಕ, ಟಿಕೆಟ್ ಕಿಟಕಿ ಉಳಿದಿವೆ. ಇಂಥ ಕಡೆ ಮಾದರಿಯೊಂದು ತಯಾರಾದರೆ ಮುಂದಿನವರು ಅಸಲನ್ನು ಅದರ ಮೂಲಕವೇ ನೋಡುತ್ತಾರೆ. ಅಲ್ಲಿ ಮಾಡಿದ ತಪ್ಪನ್ನು ತಿದ್ದಲು ಹೋಲಿಸಿ ನೋಡುವ ವಸ್ತು ಇಲ್ಲವೆನ್ನುವಷ್ಟು ಅಪರೂಪ. ಆದ್ದರಿಂದ ಅಂಥ ಮಾದರಿ ಓಡದಿದ್ದರೂ ಸೈ, ಗಾಲಿಯ ಮಟ್ಟ ಬೋಳಾಗಿಯೇ ಇರಬೇಕು.

ಮಾದರಿಗೆ ಸುರಿಯುವ ಹಣದಲ್ಲಿ, ಉಳಿದಿರುವ ಒಂದು ಅಸಲು ಎಂಜಿನ್ನಿನ ತುಕ್ಕು ಬಿಡಿಸಬಾರದೇ ಎಂದು ಕೇಳುವವರಿದ್ದಾರೆ. ಬಿಡಿಸಬೇಕು. ಆದರೆ ಒಬ್ಬ ಹವ್ಯಾಸಿಯ ಉಳಿತಾಯ ಬಾಯ್ಲರಿನ ಒಂದು ಹಾಳೆಗೂ ಸಾಲದು, ಮತ್ತು ಉಳಿದಿರುವ ಒಂದು ಎಂಜಿನ್ ತನ್ನ ಕೊನೆಯ ರೂಪವನ್ನಷ್ಟೇ ತೋರಿಸುತ್ತದೆ. 1938ರ ಕಲ್ಲಿದ್ದಲಿನ ರೂಪವನ್ನು ಅದು ತೋರಿಸಲಾರದು. ಕಂಪ್ಯೂಟರಿನಲ್ಲಿ ಚಿತ್ರಿಸಿ ಮೂರು ಆಯಾಮದ ಮುದ್ರಣದಲ್ಲಿ ತೆಗೆದರೆ ಎಲ್ಲವೂ ಸಲೀಸು ಎಂಬ ಭರವಸೆಯೂ ಈಗ ಕೇಳಿಬರುತ್ತದೆ. ಮುದ್ರಣ ಯಂತ್ರ ಕಾಲು ಮಿಲಿಮೀಟರಿನ ಅಂಚನ್ನು ತೆಗೆಯಬಲ್ಲದು, ನಿಜ; ಕ್ಯಾಮ್‌ಪೆಟ್ಟಿಗೆಯ ಮುಚ್ಚಳಕ್ಕೆ ಎಷ್ಟು ಬೋಲ್ಟು ಎಂದು ಅದಕ್ಕೆ ಯಾರೋ ಹೇಳಬೇಕು. ನಾರ್ತ್ ಬ್ರಿಟಿಷ್ ಕಂಪನಿ 1962ರಲ್ಲಿ ಮುಚ್ಚಿತು. ಅದರ ನಕ್ಷೆ, ಫೋಟೊಗಳ ದೊಡ್ಡ ಸಂಗ್ರಹ ಗ್ಲಾಸ್ಗೋದಲ್ಲಿ ಇದೆ. ನಕ್ಷೆಯಲ್ಲಿರುವುದು ಕಾರ್ಖಾನೆಯ ಬಾಗಿಲು ದಾಟಿದ ದಿನದ ಎಂಜಿನ್. ಕೌಲಾಲಂಪುರದ ಸೆಂಟುಲ್ ವರ್ಕ್‌ಶಾಪಿನಲ್ಲಿ ಆಮೇಲೆ ಬೆಸೆದದ್ದು, ಕತ್ತರಿಸಿದ್ದು, ಎಣ್ಣೆ ಟ್ಯಾಂಕ್ ಕೂರಿಸಿದ್ದು ಕಾಣುವುದು ಫೋಟೊಗಳಲ್ಲಿ ಮಾತ್ರ. ಮಾದರಿಗೆ ಕೈಹಾಕುವವರು ಮೊದಲು ಒಂದು ತಾರೀಖಿನ ಫೋಟೊ ಹುಡುಕಲಿ, ಎಡಮಗ್ಗುಲದ್ದೂ ಬಲಮಗ್ಗುಲದ್ದೂ ಸಿಕ್ಕರೆ ಇನ್ನೂ ಒಳ್ಳೆಯದು, ಹಿತ್ತಾಳೆ ತಗಡು ಆಮೇಲೆ ಕೊಳ್ಳಬಹುದು.